ಏಳನೆಯ ಆನೆ

“ಈಗ ಎಲ್ಲರೂ ದೇವಿಯ ಕತ್ತು ನೋಡಿ!”

ಮೈಕು ಕೂಗಿದ ರಭಸಕ್ಕೆ ಮಂಟಪದ ಪಾರಿವಾಳಗಳು ದಡಬಡಿಸಿ ಎದ್ದವು. ಈ ಗೈಡ್ ಮಹಾಶಯನಿಗೆ ಹೆತ್ತವರು ಇಟ್ಟ ಹೆಸರು ಏನೋ, ಗುಡಿಯಲ್ಲಿ ಯಾರಿಗೂ ನೆನಪಿಲ್ಲ. ಪಿಸುಗುಟ್ಟಿದರೂ ಹೊರಗಿನ ಚಪ್ಪಲಿ ಸ್ಟ್ಯಾಂಡಿನವರೆಗೆ ಕೇಳಿಸುತ್ತದೆ, ಅದಕ್ಕೇ ಮೈಕು.

ಒಂಬತ್ತು ಜನ ಪ್ರವಾಸಿಗಳು ಗರ್ಭಗುಡಿಯ ಹೊಸ್ತಿಲ ಬಳಿ ಕತ್ತು ಚಾಚಿದರು. ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದ ಪತ್ತೇದಾರಮ್ಮ ಚಾಚಲಿಲ್ಲ. ಎಡಕ್ಕೆ ತಿರುಗಿದ ಆ ಕಲ್ಲಿನ ಕತ್ತನ್ನು ಅವಳು ಬುದ್ಧಿ ಬಂದಾಗಿನಿಂದ ನೋಡಿದ್ದಾಳೆ. ಅವಳ ಅಪ್ಪ ಇದೇ ಗುಡಿಯಲ್ಲಿ ನಲವತ್ತು ವರ್ಷ ಕಥೆ ಹೇಳಿದವರು. ಮೈಕು ಕಲಿತದ್ದೂ ಅವರ ಹತ್ತಿರವೇ.

ಗಂಟೆ ಮೂರು. ಐದಕ್ಕೆ ಇನ್ಸ್‌ಪೆಕ್ಟರ್ ಬರುತ್ತಾರೆ. ಅಷ್ಟರೊಳಗೆ ಅವಳು ಒಂದು ಹೆಸರು ಬರೆದುಕೊಡಬೇಕು. ನಾಲ್ಕು ದಿನದ ಹಿಂದೆ, ಬೆಳಕು ಹರಿಯುವ ಹೊತ್ತಿಗೆ, ಯಾರೋ ಗುಡಿಯ ಹಿಂಭಾಗದ ಕಲ್ಲೊಂದನ್ನು ಕಿತ್ತಿದ್ದರು. ಅಡ್ಡ ಬಂದ ಕಾವಲುಗಾರ ತಲೆಗೆ ಪೆಟ್ಟು ತಿಂದು ಆಸ್ಪತ್ರೆ ಸೇರಿದ್ದಾನೆ, ಇನ್ನೂ ಕಣ್ಣು ಬಿಟ್ಟಿಲ್ಲ. ಪಕ್ಕದಲ್ಲಿ ಬಿದ್ದಿದ್ದ ಉಳಿ ಪತ್ತೇದಾರಮ್ಮನ ಸ್ವಂತ ತಂಗಿಯದು, ಅಪ್ಪನ ಹಳೆಯ ಪೆಟ್ಟಿಗೆಯ ಜೊತೆ ಅವಳ ಪಾಲಿಗೆ ಬಂದದ್ದು.

ತಂಗಿಯೂ ಇಲ್ಲಿ ಗೈಡು. ಬರೀ ಗೈಡಲ್ಲ, ಗುಡಿಯ ಕಣ್ಮಣಿ. ಅವಳ ಹೆಸರು ಕೇಳಿಕೊಂಡೇ ಬಸ್ಸುಗಳು ಬರುತ್ತವೆ.

“ಅಕ್ಕನೇ ತನಿಖೆ ಮಾಡ್ಲಿ,” ಎಂದು ಕೆಲಸ ಒಪ್ಪಿಸಿದವರು ಗುಡಿಯ ಧರ್ಮದರ್ಶಿ. “ಅಕ್ಕನೇ ತಂಗಿ ತಪ್ಪು ಅಂತ ಬರೆದುಕೊಟ್ರೆ ನಾಳೆ ಯಾರೂ ನಮ್ಮ ಕಡೆ ಬೆರಳು ತೋರಿಸಲ್ಲ ನೋಡಿ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬುದ್ಧಿವಂತ ಮನುಷ್ಯ. ಪತ್ತೇದಾರಮ್ಮ ಒಪ್ಪಿಕೊಂಡದ್ದು ತಂಗಿಯನ್ನು ಉಳಿಸಲು. ಹಾಗಂತ ಎಲ್ಲರಿಗೂ ಹೇಳಿದ್ದಳು, ತನಗೂ ಹೇಳಿಕೊಂಡಿದ್ದಳು. ಹೊಟ್ಟೆಯೊಳಗೆ ಏನಿತ್ತು ಅನ್ನುವುದು ಹೊಟ್ಟೆಗೇ ಗೊತ್ತು.

“ಒಬ್ಬ ದೊರೆ, ಇಬ್ಬರು ರಾಣಿಯರು!” ಮೈಕು ಮುಂದುವರಿಸಿದ. “ಬರೀ ಸವತಿಯರಲ್ಲ ಸ್ವಾಮಿ, ಒಡಹುಟ್ಟಿದ ಅಕ್ಕ-ತಂಗಿ! ಹಿರಿರಾಣಿ ಹನ್ನೆರಡು ವರ್ಷ ಬಿಸಿಲಲ್ಲಿ ನಿಂತು ಈ ಗುಡಿ ಕಟ್ಟಿಸಿದಳು. ದೇವಿಯನ್ನ ನಿಲ್ಲಿಸಿದ ದಿನ ಕಿರಿರಾಣಿ ಬಂದಳು. ಕೈಯಲ್ಲಿ ಏನು? ಒಂದೇ ಒಂದು ಕೆಂಪು ಹರಳಿನ ಮೂಗುತಿ! ಊರಿಗೆ ಊರೇ ‘ಆಹಾ ಮೂಗುತಿ, ಓಹೋ ಮೂಗುತಿ’ ಅಂತು. ಗುಡಿ ಕಡೆ ಯಾರಾದ್ರೂ ನೋಡಿದ್ರಾ? ಊಹೂಂ!”

ಚಿಕ್ಕಂದಿನಿಂದಲೂ ಪತ್ತೇದಾರಮ್ಮ ಹಿರಿರಾಣಿಯ ಪಕ್ಷ. ಯಾಕೆ ಆಗಬಾರದು? ಅಪ್ಪ ಹಾಸಿಗೆ ಹಿಡಿದ ಎರಡು ವರ್ಷ ಮೈ ಒರೆಸಿ, ಮಾತ್ರೆ ನುಂಗಿಸಿ, ಬೆನ್ನು ತಿರುಗಿಸಿ ಮಲಗಿಸಿದವಳು ಇವಳು. ಭಾನುವಾರಕ್ಕೊಮ್ಮೆ ಬಂದು, ಮಂಚದ ತುದಿಯಲ್ಲಿ ಕೂತು ಒಂದು ಕಥೆ ಹೇಳಿ ನಗಿಸಿ ಹೋಗುತ್ತಿದ್ದವಳು ತಂಗಿ. ಕೊನೆಗೆ ಅಪ್ಪನ ಊರುಗೋಲು ಯಾರಿಗೆ? ತಂಗಿಗೆ. ಅಪ್ಪನ ಪೆಟ್ಟಿಗೆ? ಅದೂ ತಂಗಿಗೆ. ಅಕ್ಕನಿಗೆ ಏನು? “ನೀನು ಗಟ್ಟಿಗಿತ್ತಿ ಮಗಳೇ” ಅನ್ನುವ ಒಂದು ಮಾತು. ಆ ಮಾತನ್ನು ತೆಗೆದುಕೊಂಡು ಗೋಡೆಗೆ ನೇತುಹಾಕಬೇಕಿತ್ತೇ?

“ಹೊಟ್ಟೆಕಿಚ್ಚು ತಡೀಲಾರದೆ ಹಿರಿರಾಣಿ ಮೂಗುತಿ ಕದ್ದಳು! ಕದ್ದ ಗಳಿಗೆಗೇ ದೇವಿ ‘ನಿನ್ನ ಮುಖ ನೋಡಲ್ಲ ಹೋಗು’ ಅಂತ ಕತ್ತು ತಿರುಗಿಸಿಬಿಟ್ಟಳು! ಅವಳು ಅದನ್ನ ಗುಡಿ ಬುಡದ ಒಂದು ಕಲ್ಲಿನ ಹಿಂದೆ ಬಚ್ಚಿಟ್ಟು, ಬಾಯಿ ಬಿಡದೆ ಸತ್ತಳು. ಯಾವ ಕಲ್ಲು? ನಾಲಿಗೆ ಚಾಚಿದ ಸಿಂಹದ ಕಲ್ಲು!”

ಪತ್ತೇದಾರಮ್ಮ ಮೂಗು ಮುರಿದಳು. ಸಿಂಹವಂತೆ ಸಿಂಹ! ಅಪ್ಪ ಹೇಳಿದ್ದು ಆನೆ. ಮೂಲೆಯಿಂದ ಎಣಿಸಿದರೆ ಏಳನೆಯ ಆನೆ. ಅವಳು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ, ಅಪ್ಪ ಗುಡಿಯ ಅಂಗಳ ಗುಡಿಸುತ್ತಾ ಅವಳ ಕಿವಿಯಲ್ಲಿ ಹೇಳಿದ್ದರು. ಇಪ್ಪತ್ತು ವರ್ಷ ಕಥೆ ಹೇಳಿಯೂ ಈ ಮೈಕಿಗೆ ಆನೆ ಯಾವುದು ಸಿಂಹ ಯಾವುದು ಗೊತ್ತಿಲ್ಲ.

ಆದರೆ ಕಲ್ಲು ಕಿತ್ತವರಿಗೆ ಗೊತ್ತಿತ್ತು. ಅವರು ಕಿತ್ತದ್ದು ಸರಿಯಾಗಿ ಏಳನೆಯ ಆನೆಯನ್ನೇ. ಅಂದರೆ ಅಪ್ಪನ ಕಥೆಯನ್ನು ಸರಿಯಾಗಿ ಬಲ್ಲವರು. ಅಪ್ಪ ಇಲ್ಲ, ಮೈಕಿಗೆ ತಿಳಿಯದು, ತಾನಂತೂ ಅಲ್ಲ. ಉಳಿದವಳು ಯಾರು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಈ ಲೆಕ್ಕ ಅವಳು ನಿನ್ನೆಯೇ ಹಾಕಿ ಗಂಡನಿಗೂ ಹೇಳಿದ್ದಳು. ಹೇಳುವಾಗ ಅವಳ ದನಿಯಲ್ಲಿ ದುಃಖ ಇರಬೇಕಿತ್ತು. ಇರಲಿಲ್ಲ.

*

ಪ್ರವಾಸಿಗಳನ್ನು ಫೋಟೋ ತೆಗೆದುಕೊಳ್ಳಲು ಬಿಟ್ಟು ಮೈಕು ಅವಳ ಜೊತೆ ಹಿಂಭಾಗಕ್ಕೆ ಬಂದ.

ಗುಡಿಯ ಬುಡದ ಸುತ್ತ ಕಲ್ಲಿನ ಮೂರು ಸಾಲು. ಕೆಳಗೆ ಆನೆಗಳು, ನಡುವೆ ಕುದುರೆಗಳು, ಮೇಲೆ ಸಿಂಹಗಳು. ಒಂದರ ಬಾಲಕ್ಕೆ ಇನ್ನೊಂದರ ಮುಖ ತಾಗಿಸಿಕೊಂಡು ಗುಡಿಯನ್ನೇ ಸುತ್ತು ಹಾಕುತ್ತಿದ್ದವು. ಕೆಳಗಿನ ಸಾಲಿನಲ್ಲಿ, ಆರನೆಯ ಆನೆಯ ಮುಂದೆ, ಈಗ ಒಂದು ಕಪ್ಪು ಬಾಯಿ. ಕಿತ್ತ ಕಲ್ಲು ಎರಡು ತುಂಡಾಗಿ ಗೋಣಿಚೀಲದ ಮೇಲೆ ಮಲಗಿತ್ತು. ಅದರ ಹಿಂದೆ ಮೂಗುತಿಯೂ ಇರಲಿಲ್ಲ, ಬಚ್ಚಿಡುವಷ್ಟು ಜಾಗವೂ ಇರಲಿಲ್ಲ. ಬರೀ ಮಣ್ಣು, ಜಲ್ಲಿ.

ಮೊನ್ನೆ ಕನ್ನಡಕ ಹಾಕಿಕೊಂಡು ಪರೀಕ್ಷಿಸಿದಾಗ ಮುರಿದ ಅಂಚಿನಲ್ಲಿ ಒಣಗಿದ ರಕ್ತದ ಕಲೆ ಕಂಡಿತ್ತು. ಕಾವಲುಗಾರ ಬಿದ್ದಿದ್ದದ್ದು ಹತ್ತು ಹೆಜ್ಜೆ ಆಚೆ. ಕಲ್ಲು ಎತ್ತುವಾಗ ಕೈ ಕುಯ್ದುಕೊಂಡವರು ಬೇರೆ ಯಾರೋ.

ಇವತ್ತು ಹತ್ತಿರದ್ದೇನೂ ಅವಳಿಗೆ ಕಾಣುತ್ತಿರಲಿಲ್ಲ. ನಿನ್ನೆ ಸಂಜೆ ಕನ್ನಡಕದ ಕಡ್ಡಿ ಮುರಿದಿತ್ತು. ಅವಳ ಗಂಡನದು ಕನ್ನಡಕದ ಅಂಗಡಿ. “ಐದರೊಳಗೆ ಸರಿಮಾಡಿ ಗುಡಿಗೇ ತಂದುಕೊಡ್ತೀನಿ, ಕುರುಡಿ ಥರ ಸಹಿ ಹಾಕಬೇಡ,” ಎಂದು ತೆಗೆದುಕೊಂಡು ಹೋಗಿದ್ದ. ಹೋಗುವ ಮೊದಲು ಅಂಗಿಯ ಗುಂಡಿ ಹಾಕಿಕೊಡು ಅಂತ ಎದೆ ಒಡ್ಡಿ ನಿಂತಿದ್ದ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಗಾಜಿನ ಕೆಲಸದವರಿಗೆ ಅದೇನು ಹೊಸದಲ್ಲ. ಅವಳು ತಂಗಿಯ ಯೋಚನೆಯಲ್ಲೇ ಗುಂಡಿ ಹಾಕಿ ಕಳಿಸಿದ್ದಳು.

“ಅಕ್ಕೋರೆ, ಒಂದು ಮಾತು,” ಮೈಕು ದನಿ ತಗ್ಗಿಸಿದ. ತಗ್ಗಿಸಿದರೂ ಆನೆಗಳಿಗೆಲ್ಲ ಕೇಳಿಸಿತು. “ನಿಮ್ಮ ತಂಗಿ ಟೂರಿಗೆ ಅರವತ್ತು ಜನ, ನನ್ನದಕ್ಕೆ ಒಂಬತ್ತು. ನಂಗೂ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ? ಅವಳು ಜೈಲಿಗೆ ಹೋದ್ರೆ ಆ ಅರವತ್ತೂ ನನ್ನದೇ. ಆದ್ರೂ ಹೇಳ್ತೀನಿ, ಈ ಕಲ್ಲು ಕಿತ್ತವಳು ಅವಳಲ್ಲ.”

“ನಿನಗೆ ಹೇಗೆ ಗೊತ್ತು?”

“ನೀವು ಅವಳ ಕಥೆ ಕೇಳಿದ್ದೀರಾ?”

“ಅಪ್ಪನ ಕಥೆ ಕೇಳಿದ್ದೀನಿ. ಸಾಕು.”

“ಅವಳ ಬಾಯಲ್ಲಿ?”

ಪತ್ತೇದಾರಮ್ಮ ಮುರಿದ ಕಲ್ಲಿನ ಕಡೆ ತಿರುಗಿದಳು.

“ಹತ್ತು ವರ್ಷದಲ್ಲಿ ಒಂದು ಸಲಾನೂ ಇಲ್ವಾ?” ಮೈಕು ಬಾಯಿ ತೆರೆದುಕೊಂಡು ನಿಂತ. “ನಿಮ್ಮ ಯಜಮಾನ್ರು ಭಾನುವಾರ ಭಾನುವಾರ ಬಂದು ಕೇಳ್ತಾರಲ್ಲ!”

“ನನಗೆ ಪುರುಸೊತ್ತು ಸಿಗಲಿಲ್ಲ,” ಎಂದಳು.

ಪುರುಸೊತ್ತಂತೆ! ಯಾರಿಗೆ ಹೇಳುತ್ತೀಯಮ್ಮ? ಭಾನುವಾರ ಮಧ್ಯಾಹ್ನ ಗಂಡ ಗುಡಿಯಿಂದ ಬಂದು, “ನಿನ್ನ ತಂಗಿ ಹೇಳಿದ್ರೆ ಕಲ್ಲೂ ಕಿವಿ ಕೊಡುತ್ತೆ ಕಣೆ,” ಅಂದಾಗಲೆಲ್ಲ ಅವಳು ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಅಪ್ಪ ಹೋದರು, ಊರುಗೋಲು ಹೋಯಿತು, ಈಗ ಗಂಡನ ಭಾನುವಾರವೂ ಹೋಯಿತಲ್ಲ ಎಂದು ಒಳಗೊಳಗೇ ಬೇಯುತ್ತಿದ್ದಳು. ಒಂದು ಸಲ ಅಲ್ಲಿ ಹೋಗಿ ಅರವತ್ತು ಜನರ ನಡುವೆ ನಿಂತು ಚಪ್ಪಾಳೆ ತಟ್ಟುವುದಕ್ಕಿಂತ ಸಾಯುವುದು ಲೇಸು ಅನ್ನಿಸುತ್ತಿತ್ತು.

“ಹೋಗಿ ಕೇಳಿ,” ಮೈಕು ಅಂದ. “ಕೇಳಿ ಆಮೇಲೆ ಬರೀರಿ.”

*

ಗೈಡುಗಳ ಕೋಣೆ ಟಿಕೆಟ್ ಕೌಂಟರಿನ ಹಿಂದೆ. ಎರಡು ಕಬ್ಬಿಣದ ಬೀರು, ಒಂದು ನೀರಿನ ಡ್ರಮ್ಮು, ಪ್ರವಾಸಿಗಳು ಮರೆತುಹೋದ ಛತ್ರಿಗಳ ರಾಶಿ. ಬೆಂಚಿನ ಮೇಲೆ ತಂಗಿ ಗುಡಿಯ ಮಾಹಿತಿ ಹಾಳೆಗಳನ್ನು ಮೂರು ಮಡಿಕೆ ಮಾಡುತ್ತಾ ಕೂತಿದ್ದಳು. ಟೂರು ನಿಲ್ಲಿಸಿದ್ದರು, ಹೊರಗೆ ಹೋಗಬೇಡ ಅಂದಿದ್ದರು, ಆದರೂ ಸುಮ್ಮನೆ ಕೂರುವ ಪೈಕಿ ಅಲ್ಲ. ಪಕ್ಕದಲ್ಲಿ ಅಪ್ಪನ ಊರುಗೋಲು.

“ಊಟ ಆಯ್ತಾ ಅಕ್ಕ?”

ತಲೆಯ ಮೇಲೆ ಜೈಲು ತೂಗಾಡುತ್ತಿದೆ, ಕೇಳುವುದು ಅಕ್ಕನ ಊಟ! ಇದೇ, ಇದೇ ಪತ್ತೇದಾರಮ್ಮನಿಗೆ ಆಗದಿದ್ದದ್ದು. ಜಗಳವಾಡಿದರೆ ಜಗಳಕ್ಕೂ ಸಿಗದ ಒಳ್ಳೆಯತನ.

“ಉಳಿ ಯಾರಿಗೆ ಕೊಟ್ಟಿದ್ದೆ?”

“ಮತ್ತೆ ಅದೇನಾ?”

“ಮತ್ತೆ ಅದೇ. ಐದು ಗಂಟೆಗೆ ಪೊಲೀಸರು ಕೇಳೋದೂ ಅದೇ.”

“ಒಬ್ರು ಕೇಳಿದ್ರು, ಅಪ್ಪನ ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಹೆಸರು ಹೇಳಲ್ಲ ಅಕ್ಕ. ಹೇಳಿದ್ರೆ ಒಂದು ಮನೆ ಒಡೆಯುತ್ತೆ.”

“ಯಾರ ಮನೆ? ಯಾವನೇ ಅವನು? ಮದುವೆ ಬೇಡ ಬೇಡ ಅಂತ ಇದ್ದೋಳು, ಯಾವನ ಮನೆ ಕಾಯ್ತಿದ್ದೀಯ?”

ತಂಗಿ ತಲೆಯೆತ್ತಿ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಪತ್ತೇದಾರಮ್ಮನಿಗೆ ಸಮಾಧಾನವಾಗುತ್ತಿತ್ತು. ಇದ್ದದ್ದು ಕನಿಕರ. ಕನಿಕರ! ಯಾರ ಮೇಲೆ ಯಾರಿಗೆ?

“ಕೈ ತೋರಿಸು.”

ತಂಗಿ ಎರಡೂ ಕೈ ಚಾಚಿದಳು. ಪತ್ತೇದಾರಮ್ಮ ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ತಡವಿ ನೋಡಿದಳು. ಒಂದು ಗೀರಿಲ್ಲ, ಒಂದು ಗಾಯವಿಲ್ಲ. ಕಲ್ಲಿನ ಮೇಲಿನ ರಕ್ತ ಈ ಕೈಯದಲ್ಲ. ಅವಳಿಗೆ ಒಂದು ಕ್ಷಣ ನಿರಾಸೆಯಾಯಿತು. ನಿರಾಸೆಯಾಯಿತಲ್ಲ ಎಂದು ಮರುಕ್ಷಣ ನಾಚಿಕೆಯಾಯಿತು. ಒಡಹುಟ್ಟಿದವಳ ಕೈ ಹಿಡಿದುಕೊಂಡು ಗಾಯ ಹುಡುಕುವ ಅಕ್ಕ!

“ನೀನು ಕೀಳದೇ ಇರಬಹುದು, ಆದ್ರೆ ಕೀಳಿಸಿದ್ದೀಯ. ಆ ಆನೆ ವಿಷಯ ಅಪ್ಪ ಹೇಳಿದ್ದು ನಮ್ಮಿಬ್ಬರಿಗೇ. ನಾನು ಹೇಳಿಲ್ಲ. ಹಾಗಾದ್ರೆ ಉಳಿ ಕೊಟ್ಟವಳೇ ಆನೆಯನ್ನೂ ಕೊಟ್ಟಿರಬೇಕು.”

“ಅಕ್ಕ, ಇಲ್ಲಿಗೆ ಬಿಟ್ಟುಬಿಡು. ನನ್ನ ಹೆಸರೇ ಬರಿ. ಕಾವಲುಗಾರರಿಗೆ ಎಚ್ಚರ ಆದಮೇಲೆ ಅವರೇ ನಿಜ ಹೇಳ್ತಾರೆ, ನಾನು ಹೊರಗೆ ಬರ್ತೀನಿ.”

“ಎಚ್ಚರ ಆಗದಿದ್ರೆ?”

ತಂಗಿ ಇನ್ನೊಂದು ಹಾಳೆ ತೆಗೆದುಕೊಂಡು ಮಡಿಚಿದಳು. ಮಡಿಕೆ ಸೊಟ್ಟಗಾಯಿತು.

“ನಿನ್ನ ಕಥೆ ಹೇಳು,” ಪತ್ತೇದಾರಮ್ಮ ಎದುರಿಗೆ ಕೂತಳು. “ಮಂದಿಗೆ ಹೇಳೋ ಹಾಗೆ. ಮೊದಲಿಂದ ಕೊನೆವರೆಗೆ.”

“ಬೇಡ ಅಕ್ಕ.”

“ಹತ್ತು ವರ್ಷ ಬಾ ಬಾ ಅಂತ ಕರೀತಿದ್ದೆ. ಈಗ ಬಂದಿದ್ದೀನಿ.”

“ಈಗ ಬೇಡ. ಕೇಳಿದ ಮೇಲೆ ಕೇಳಿಲ್ಲ ಅನ್ನೋಕಾಗಲ್ಲ.”

“ಹೇಳೇ!”

ತಂಗಿ ನಿಟ್ಟುಸಿರು ಬಿಟ್ಟು ಊರುಗೋಲನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಅಪ್ಪನೂ ಹಾಗೇ ಇಟ್ಟುಕೊಳ್ಳುತ್ತಿದ್ದರು.

ಅವಳು ಮೈಕಿನ ಹಾಗೆ ಕೂಗಲಿಲ್ಲ. ನೆರೆಮನೆಯವರ ಸುದ್ದಿ ಹೇಳುವಷ್ಟು ಮೆಲ್ಲಗೆ ಶುರುಮಾಡಿದಳು. ಗುಡಿ ಕಟ್ಟಿಸುವಾಗ ಹಿರಿರಾಣಿಯ ಪಾದ ಬಿರಿದದ್ದು ಹೇಳಿದಳು. ಕಲ್ಲುಕುಟಿಗರ ಮಕ್ಕಳಿಗೆ ಅವಳು ತನ್ನ ಕೈಯಾರೆ ಜಡೆ ಹೆಣೆದದ್ದು ಹೇಳಿದಳು. ಮೂಗುತಿ ಹಿಡಿದು ಬಂದ ಕಿರಿರಾಣಿಗೆ, ಅಕ್ಕನ ಗುಡಿಗೆ ನನ್ನದೂ ಏನಾದರೂ ಇರಲಿ ಅನ್ನುವುದು ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ ಅಂದಳು.

ಚೆನ್ನಾಗಿ ಹೇಳುತ್ತಿದ್ದಳು, ಹಾಳಾದವಳು. ಎಷ್ಟು ಚೆನ್ನಾಗಿ ಅಂದರೆ, ಹೊರಗೆ ಟಿಕೆಟ್ ಹರಿಯುತ್ತಿದ್ದ ಗುಮಾಸ್ತ ಕೈ ನಿಲ್ಲಿಸಿ ಕಿಟಕಿಗೆ ಕಿವಿ ಕೊಟ್ಟಿದ್ದ. ಪತ್ತೇದಾರಮ್ಮನ ಎದೆಯಲ್ಲಿ ಹಳೆಯ ಉರಿ ಎದ್ದಿತು. ಗಂಡ ಭಾನುವಾರ ತಪ್ಪಿಸದೆ ಇದ್ದದ್ದರಲ್ಲಿ ಆಶ್ಚರ್ಯವೇನು?

“ಹಿರಿರಾಣಿ ಮೂಗುತಿ ತಗೊಂಡು ಹೊರಟಳು. ಆಗ ದೇವಿ ಕತ್ತು ತಿರುಗಿಸಿದಳು,” ತಂಗಿಯ ದನಿ ಇನ್ನೂ ತಗ್ಗಿತು. “ಕೋಪಕ್ಕೆ ಅಂತಾರೆ ಎಲ್ಲರೂ. ನಾನು ಹಾಗೆ ಹೇಳಲ್ಲ. ಕೋಪ ಇದ್ದಿದ್ರೆ ಕಣ್ಣು ಮುಚ್ಚಿಕೊಳ್ತಿದ್ದಳು. ದೇವಿ ತಿರುಗಿದ್ದು, ಎಡಗಡೆ ಬಾಗಿಲಿಂದ ಹೊರಟುಹೋಗ್ತಿದ್ದ ಹಿರಿರಾಣಿಯನ್ನ ನೋಡೋಕೆ. ಗುಡಿ ಕಟ್ಟಿದವಳು ಇವಳೇ ಅಲ್ವಾ, ಇವತ್ತಲ್ಲ ನಾಳೆ ವಾಪಸ್ ಬರ್ತಾಳೆ ಅಂತ ಇವತ್ತಿಗೂ ಅದೇ ಬಾಗಿಲು ನೋಡ್ತಾ ನಿಂತಿದ್ದಾಳೆ.”

ಹತ್ತು ವರ್ಷ ಅರವತ್ತು ಅರವತ್ತು ಜನರ ಮುಂದೆ ಈ ಹುಡುಗಿ ಇದನ್ನು ಹೇಳುತ್ತಾ ಬಂದದ್ದು ಯಾರಿಗೆ ಅನ್ನುವುದು ಪತ್ತೇದಾರಮ್ಮನಿಗೆ ಹೊಳೆಯಿತು. ಹೊಳೆದದ್ದನ್ನು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

“ಆಮೇಲೆ?” ಎಂದಳು ಒರಟಾಗಿ. “ಎಲ್ಲಿ ಬಚ್ಚಿಟ್ಟಳು?”

ತಂಗಿ ಕಣ್ಣು ಮುಚ್ಚಿಕೊಂಡು ಹೇಳಿದಳು.

“ಸವಾರನಿಲ್ಲದ ಕುದುರೆಯ ಹಿಂದೆ.”

“ಏನು?”

“ಕುದುರೆ ಅಕ್ಕ. ನಡುವಿನ ಸಾಲು. ಎಲ್ಲ ಕುದುರೆಗೂ ಸವಾರ ಇದ್ದಾನೆ, ಒಂದಕ್ಕೆ ಮಾತ್ರ ಇಲ್ಲ. ನನಗೆ ಅಪ್ಪ ಹೇಳಿದ್ದು ಅದು. ನಾನು ಹೇಳಿರೋದೂ ಅದನ್ನೇ. ಬೇಕಾದ್ರೆ ಯಾರನ್ನಾದ್ರೂ ಕೇಳು.”

“ಸುಳ್ಳು. ಅಪ್ಪ ಹೇಳಿದ್ದು ಆನೆ.”

“ನಿನಗೆ ಆನೆ. ನನಗೆ ಕುದುರೆ. ಮೈಕಿಗೆ ಸಿಂಹ.” ತಂಗಿ ಎದ್ದು ಬೀರು ತೆಗೆದು ಅಪ್ಪನ ಪೆಟ್ಟಿಗೆಯಿಂದ ಒಂದು ಸಣ್ಣ ನೋಟುಬುಕ್ಕು ತಂದಳು. “ಒಂದು ಕಾಲದಲ್ಲಿ ಕಂಡಕಂಡವರೆಲ್ಲ ಅಪ್ಪನ ಕಥೆ ಕದ್ದು ಹೇಳೋಕೆ ಶುರುಮಾಡಿದ್ರಂತೆ. ಅದಕ್ಕೆ ಕಲಿಯೋಕೆ ಬಂದವರಿಗೆಲ್ಲ ಕಥೆ ಒಂದೇ ಹೇಳಿ, ಬಚ್ಚಿಟ್ಟ ಜಾಗ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಹೇಳ್ತಿದ್ರು. ಹೊಸಬ ಯಾವನಾದ್ರೂ ಬಂದು ಕಥೆ ಹೇಳಿದ್ರೆ, ಕಂಬದ ಹಿಂದೆ ನಿಂತು ಕೇಳಿ, ‘ಇವನು ಇಂಥವನಿಂದ ಕದ್ದಿದ್ದಾನೆ’ ಅಂತ ಹೇಳಿಬಿಡ್ತಿದ್ರು. ಹಾಸಿಗೆ ಹಿಡಿದಾಗ ನನಗೆ ಹೇಳಿದ್ರು.”

“ನಿನಗೆ ಹೇಳಿದ್ರು,” ಪತ್ತೇದಾರಮ್ಮ ಹಲ್ಲು ಕಚ್ಚಿದಳು. “ನಿನಗೇ.”

“ನೀನು ಔಷಧಿ ತರೋಕೆ ಹೋಗಿದ್ದೆ ಅಕ್ಕ.”

“ನಿಜವಾದ ಜಾಗ ಯಾವುದು?”

“ಯಾವುದೂ ಅಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ.” ತಂಗಿ ಪುಟ ತೆರೆದು ಮುಂದೆ ಹಿಡಿದಳು. “ಓದು. ನಮ್ಮಿಬ್ಬರ ಹೆಸರಿಲ್ಲ, ದೊಡ್ಡವಳು ಚಿಕ್ಕವಳು ಅಂತ ಬರೆದಿದ್ದಾರೆ. ಆನೆ ಅನ್ನೋದು ಇಡೀ ಪಟ್ಟಿಯಲ್ಲಿ ಒಂದೇ ಕಡೆ ಇದೆ.”

ಪುಟದ ಮೇಲೆ ಪತ್ತೇದಾರಮ್ಮನಿಗೆ ಕಂಡದ್ದು ಇರುವೆ ಹರಿದಂಥ ಸಾಲು, ಅಷ್ಟೇ. “ನನಗೆ ಕಾಣಿಸ್ತಿಲ್ಲ. ನೀನು ಓದಿ ಹೇಳಿದ್ದನ್ನ ನಾನು ನಂಬಬೇಕಾ?”

“ನಂಬಬೇಡ. ನಿನಗೆ ಗೊತ್ತಾಗಬಾರದು ಅಂತಾನೇ ಅಲ್ವಾ ನಾಲ್ಕು ದಿನದಿಂದ ಬಾಯಿ ಮುಚ್ಚಿಕೊಂಡಿದ್ದು? ಆ ಆನೆ ಕಿತ್ತಿರೋದು ನೋಡಿದ ಬೆಳಗ್ಗೇನೇ ನನಗೆ ಗೊತ್ತಾಯ್ತು, ಇದು ನನ್ನ ಕಥೆ ಅಲ್ಲ ಅಂತ. ನಿನ್ನದು.” ತಂಗಿಯ ಕಣ್ಣಲ್ಲಿ ಈಗ ನೀರು. “ನೀನು ಆನೆ ಕಥೆ ಯಾರಿಗೆ ಹೇಳಿದ್ದೆ ಅಕ್ಕ?”

“ಯಾರಿಗೂ ಇಲ್ಲ. ನಾನು ಯಾವತ್ತು ಯಾರಿಗೆ ಕಥೆ...”

ಅಲ್ಲಿಗೆ ನಿಂತಳು.

“ಏನು, ಅಕ್ಕ-ತಂಗಿ ಬಾಗಿಲು ಹಾಕ್ಕೊಂಡು ಕಥೆ ಹೇಳ್ಕೊಂಡು ಕೂತಿದ್ದೀರಾ?”

ಬಾಗಿಲಲ್ಲಿ ಅವಳ ಗಂಡ. ಕೈಯಲ್ಲಿ ಕನ್ನಡಕದ ಡಬ್ಬಿ.

*

“ತಗೋ, ಹೊಸ ಕಡ್ಡಿ ಹಾಕಿದ್ದೀನಿ. ಕಿವಿ ಹತ್ರ ಒತ್ತುತ್ತಾ ನೋಡು.”

ತಂಗಿ ಹಾಳೆಗಳ ಕಡೆ ತಿರುಗಿ ಮಡಿಚತೊಡಗಿದಳು. ಬಂದವರಿಗೆಲ್ಲ ಊಟ ಆಯ್ತಾ ಎಂದು ಕೇಳುವ ಹುಡುಗಿ ಭಾವನನ್ನು ಕೇಳಲಿಲ್ಲ. ಬನ್ನಿ ಅಂತಲೂ ಅನ್ನಲಿಲ್ಲ.

ಪತ್ತೇದಾರಮ್ಮ ಕನ್ನಡಕ ಹಾಕಿಕೊಂಡಳು. ಮೊದಲು ನೋಟುಬುಕ್ಕು ನೋಡಿದಳು. ಅಪ್ಪನ ಗುಂಡು ಅಕ್ಷರ, ನೀಲಿ ಶಾಯಿ. ಹನ್ನೊಂದು ಜನ, ಹನ್ನೊಂದು ಗುರುತು. ಎಲ್ಲಕ್ಕಿಂತ ಮೇಲೆ, ಮೊದಲನೆಯ ಸಾಲಿನಲ್ಲಿ: *ದೊಡ್ಡವಳಿಗೆ ಏಳನೆಯ ಆನೆ. ಇದನ್ನು ಬೇರೆ ಯಾರಿಗೂ ಕೊಡಬಾರದು.*

ತಂಗಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಅಪ್ಪ ಅವಳಿಗೊಬ್ಬಳಿಗೇ ಅಂತ ಒಂದು ಇಟ್ಟಿದ್ದರು. ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡದ್ದಕ್ಕೆ ಉತ್ತರ ಈ ಒಂದು ಸಾಲಿನಲ್ಲಿತ್ತು. ಆದರೆ ಸಂತೋಷಪಡಲು ಅವಳಿಗೆ ಸಮಯ ಸಿಗಲಿಲ್ಲ.

ಮದುವೆಯಾದ ಮೊದಲ ವರ್ಷ ಗಂಡನಿಗೆ ಮೂರು ದಿನ ಸುಡುಸುಡು ಜ್ವರ. ಒಂದು ಕಥೆ ಹೇಳೇ ಅಂದಿದ್ದ. ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತಾ ಅವಳು ಜೀವನದಲ್ಲಿ ಒಂದೇ ಒಂದು ಸಲ ಅಪ್ಪನ ಕಥೆ ಹೇಳಿದ್ದಳು. ಕೊನೆಯಲ್ಲಿ ಅವನು ನಕ್ಕು, “ನಿನಗೆ ಕಥೆ ಹೇಳೋಕೆ ಬರಲ್ಲ ಬಿಡು,” ಅಂದಿದ್ದ. ಅವತ್ತೇ ಕೊನೆ. ಮತ್ತೆ ಯಾರಿಗೂ ಹೇಳಿರಲಿಲ್ಲ.

ಅವಳು ನೋಟುಬುಕ್ಕಿನಿಂದ ಕಣ್ಣೆತ್ತಿದಳು. ಹೊಸ ಕಡ್ಡಿಯ ಕನ್ನಡಕದಲ್ಲಿ ಎಲ್ಲ ನಿಚ್ಚಳವಾಗಿ ಕಂಡಿತು. ಹೆಬ್ಬೆರಳಿನ ಬಟ್ಟೆ, ಅದರ ಅಂಚಿನಲ್ಲಿ ಕಂದು ಕಲೆ, ನಾಲ್ಕು ದಿನದಿಂದ ಬದಲಾಯಿಸದ ಗಂಟು.

“ಯಾರ ಅಕ್ಷರ ಅದು?” ಗಂಡ ಕೇಳಿದ.

“ಅಪ್ಪನದು.”

“ಏನಂತೆ?”

“ಕಥೆ.”

ಹೊರಗೆ ಜೀಪು ನಿಂತ ಸದ್ದಾಯಿತು. ಧರ್ಮದರ್ಶಿ ಕಾಗದ ಹಿಡಿದು ಒಳಗೆ ಬಂದರು. ಟೈಪು ಮಾಡಿದ ವರದಿ, ಕೊನೆಯಲ್ಲಿ ಒಂದು ಖಾಲಿ ಗೆರೆ. “ಇನ್ಸ್‌ಪೆಕ್ಟರ್ ಬಂದ್ರು ಅಮ್ಮ. ಹೆಸರು ಒಂದು ಬರೆದುಬಿಡಿ.”

ಗಂಡ ತನ್ನ ಜೇಬಿನಿಂದ ಪೆನ್ನು ತೆಗೆದು, ಗಾಯವಿಲ್ಲದ ಕೈಯಿಂದ ಮುಚ್ಚಳ ಬಿಚ್ಚಿ, ಅವಳ ಬೆರಳುಗಳ ನಡುವೆ ಇಟ್ಟ. “ಬರಿ, ಬೇಗ ಮುಗಿಸು. ನಿನ್ನ ತಂಗೀನೇ ಅಂತ ನೀನೇ ನಿನ್ನೆ ಅಂದೆಯಲ್ಲ.”

ತಂಗಿ ಹಾಳೆಯ ಮೇಲಿಂದ ಕಣ್ಣೆತ್ತದೆ ತಲೆಯಾಡಿಸಿದಳು. ಹೌದು ಬರಿ ಅಂತಲೋ, ಬೇಡ ಬರೆಯಬೇಡ ಅಂತಲೋ, ಧರ್ಮದರ್ಶಿಗೆ ಅರ್ಥವಾಗಲಿಲ್ಲ. ಪತ್ತೇದಾರಮ್ಮನಿಗೆ ಆಯಿತು: ನನ್ನ ಹೆಸರೇ ಬರಿ, ಭಾವನದು ಬೇಡ.

ಹತ್ತು ವರ್ಷದ ಭಾನುವಾರಗಳೆಲ್ಲ ಈ ಮನುಷ್ಯ ಕುದುರೆಯ ಕಥೆ ಕೇಳಿದ್ದ. ಕಲ್ಲೂ ಕಿವಿ ಕೊಡುತ್ತೆ ಎಂದು ಮನೆಗೆ ಬಂದು ಹೊಗಳಿದ್ದ. ಆದರೆ ಉಳಿ ಹಿಡಿದು ಕತ್ತಲು ಕರಗುವ ಹೊತ್ತಿನಲ್ಲಿ ಗುಡಿಯ ಹಿಂದೆ ಮಂಡಿಯೂರಿದಾಗ, ಕುದುರೆಯ ಕಡೆ ಕಣ್ಣೆತ್ತಿಯೂ ನೋಡದೆ ಆನೆಗಳನ್ನು ಒಂದು, ಎರಡು, ಮೂರು ಎಂದು ಎಣಿಸಿದ್ದ. ಹುಟ್ಟಿದಾಗಿನಿಂದ ಅವಳು ಬಯಸಿದ್ದು ಇಷ್ಟೇ: ಯಾರಾದರೂ ಒಬ್ಬರು ತಂಗಿಯ ಮಾತು ಬಿಟ್ಟು ತನ್ನ ಮಾತನ್ನು ನಂಬಲಿ ಅಂತ. ಕೊನೆಗೂ ಒಬ್ಬರು ನಂಬಿದ್ದರು.

ಅವಳು ಪೆನ್ನನ್ನು ಖಾಲಿ ಗೆರೆಯ ಮೇಲೆ ಊರಿದಳು. ಬರೆಯಲಿಲ್ಲ.

“ರೀ,” ಎಂದಳು, ತಲೆಯೆತ್ತದೆ. “ಆ ಹೆಬ್ಬೆರಳಿನ ಬಟ್ಟೆ ಸ್ವಲ್ಪ ಬಿಚ್ಚಿ ತೋರಿಸಿ.”